ವಂತಿಗೆ ಕೊಟ್ಟವರ ಬೀದಿ

ತಮಿಳುನಾಡು ಸರ್ಕಾರ 1997ರಲ್ಲಿ ಆರಂಭಿಸಿ, 2021ರಲ್ಲಿ ಮತ್ತೆ ಅದೇ ಹೆಸರಿನಲ್ಲಿ ಜಾರಿಗೆ ತಂದ ಯೋಜನೆ ‘ನಮಕ್ಕು ನಾಮೇ’. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಾದ್ದಿಲ್ಲ: ನಮಗೆ ನಾವೇ. ಜನರೇ ಸೇರಿ ಪಾರ್ಕಿಗೋ, ಶಾಲೆಯ ಕೊಠಡಿಗೋ ವಂತಿಗೆ ಎತ್ತಿ ವೆಚ್ಚದಲ್ಲಿ ಸಾಮಾನ್ಯವಾಗಿ ಮೂರನೆಯ ಒಂದು ಪಾಲನ್ನು ಕಟ್ಟಿದರೆ, ಉಳಿದದ್ದನ್ನು ಸರ್ಕಾರ ಭರಿಸುತ್ತದೆ.

ಇದರಲ್ಲಿ ಒಳ್ಳೆಯದು ಇಲ್ಲದಿಲ್ಲ. ಕೈಯಿಂದ ಕಾಸು ಬಿಚ್ಚಿದವನು ಕಂಟ್ರಾಕ್ಟರನ ಸಿಮೆಂಟಿನ ಮೇಲೂ ಒಂದು ಕಣ್ಣಿಟ್ಟಿರುತ್ತಾನೆ. ಪುಕ್ಕಟೆ ಬಂದ ಪಾರ್ಕಿನ ಬೆಂಚು ಮುರಿದರೆ ಕೇಳುವವರಿಲ್ಲ. ಇಲ್ಲಿ ಹಾಗಾಗುವುದು ಕಡಿಮೆ.

ಆದರೆ ಸರ್ಕಾರದ ಆ ಎರಡು ಪಾಲು ಯಾರ ಹಣ? ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ತೆರಿಗೆ ತೆತ್ತಿರುತ್ತಾನೆ. ಬಂಗಲೆಗಳ ಬೀದಿಯೊಂದು ತನ್ನ ಪಾಲನ್ನು ಒಂದು ಸಂಜೆಯ ಸಭೆಯಲ್ಲೇ ಕೂಡಿಸೀತು. ಬಕಿಂಗ್‌ಹ್ಯಾಮ್ ಕಾಲುವೆಯ ದಡದ ಗುಡಿಸಲಿನವರಿಗೆ ಅದಕ್ಕೆ ವರ್ಷಗಳೇ ಬೇಕು. ಅಷ್ಟರಲ್ಲಿ ಅವರ ತೆರಿಗೆಯೂ ಬಂಗಲೆಯ ಬೀದಿಗೆ ಹೋಗಿರುತ್ತದೆ! ಬಡವರ ಪಾಲನ್ನು ಎಷ್ಟು ಇಳಿಸಿದರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಸಾರ್ವಜನಿಕ ಹಣಕ್ಕೆ ದಾರಿ ತೋರಿಸಬೇಕಾದ್ದು ಕೊರತೆಯೋ, ಕೊಡುವ ಶಕ್ತಿಯೋ?

ವಂತಿಗೆ ಎತ್ತುವುದೇ ತಪ್ಪೆಂದು ನನ್ನ ವಾದವಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಅಡಯಾರಿನ ಕ್ಯಾನ್ಸರ್ ಆಸ್ಪತ್ರೆ 12 ಹಾಸಿಗೆಗಳೊಂದಿಗೆ ಆರಂಭವಾದಾಗ, ಅದರ ಹಿಂದೆಯೂ ದಾನಿಗಳ ಹಣವಿತ್ತು. ಅಲ್ಲಿ ಹಾಸಿಗೆ ಸಿಗುತ್ತಿದ್ದುದು ರೋಗಿಗೆ. ಕೊಟ್ಟವನ ಬೀದಿ ಯಾವುದೆಂಬುದು ಲೆಕ್ಕಕ್ಕಿರಲಿಲ್ಲ.

ನಮ್ಮ ನಾಡಿನ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದಂಶವನ್ನು ಕೆರೆಯ ಕೆಲಸಕ್ಕೆಂದು ಬಿಡುವ ಏರ್ಪಾಡು ಅದು. ಆ ಕಾಲದ ಹಳ್ಳಿಯಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಯಾರೂ ಹೇಳಲಾರರು. ಆದರೂ ಆ ಏರ್ಪಾಡಿನ ಕ್ರಮ ಗಮನಿಸತಕ್ಕದ್ದು: ಮೊದಲು ನೀರು, ಆಮೇಲೆ ಪಾಲು. ಇಂದಿನ ಯೋಜನೆಯಲ್ಲಿ ಇದು ತಿರುವುಮುರುವಾಗಿದೆ. ಮಳೆಗಾಲದಲ್ಲಿ ಚರಂಡಿ ಉಕ್ಕುವ ಜಾಗವನ್ನು ಸರ್ಕಾರವೇ ಗುರುತಿಸಿ ಕೆಲಸ ಮುಗಿಸಲಿ. ವಂತಿಗೆಯನ್ನು ಆಮೇಲೆ, ಉಸ್ತುವಾರಿಗೆಂದು, ಅವರವರ ಶಕ್ತಿ ನೋಡಿ ಕೇಳಲಿ.

ಹಾಗಾದರೆ ಅನುಕೂಲವಂತರು ಕೊಡುವುದನ್ನೇ ನಿಲ್ಲಿಸಿಯಾರು ಎಂಬ ಆಕ್ಷೇಪ ಬರಬಹುದು. ಕೆಲವರು ನಿಲ್ಲಿಸಿಯೂ ಬಿಡಬಹುದು. ಆದರೆ 2015ರ ಡಿಸೆಂಬರಿನಲ್ಲಿ ನಗರ ನೀರಿನಲ್ಲಿ ಮುಳುಗಿದ್ದಾಗ, ತಾವು ಎಂದೂ ಕಾಲಿಡದ ಬಡಾವಣೆಗಳಿಗೆ ಅನ್ನದ ಪೊಟ್ಟಣ ಕಟ್ಟಿ ಕಳಿಸಿದವರೂ ಇದೇ ಊರಿನವರಲ್ಲವೇ?