ಓದು ಬಾರದ ತಾಯಿಯೂ ಗುರುವೇ



ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಸಂಜೆ ಏಳು ಗಂಟೆ. ದಿನವಿಡೀ ಗೋವಿನಜೋಳದ ಹೊಲದಲ್ಲಿ ಕೂಲಿ ಮಾಡಿ ಬಂದ ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ತಂದೆ ಕಟ್ಟೆಯ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದಾನೆ. ಮೂರನೆಯ ತರಗತಿಯ ಮಗಳು ಪುಸ್ತಕ ಹಿಡಿದು ಬಂದು, "ಅವ್ವಾ, ಇದನ್ನ ಹ್ಯಾಂಗ ಓದೋದು?" ಎಂದು ಕೇಳುತ್ತಾಳೆ. ತಾಯಿ ತಲೆ ಎತ್ತದೆ ಹೇಳುತ್ತಾಳೆ: "ನನಗೇನ ತಿಳಿತೈತಿ ಯವ್ವಾ, ನಾ ಏನ ಸಾಲಿ ಕಲತಾಕಿ ಏನು? ನಾಳೆ ಟೀಚರನ್ನ ಕೇಳು." ಮಗಳು ಪುಸ್ತಕ ಮುಚ್ಚುತ್ತಾಳೆ.

ಇಂಥ ಮನೆ ಶಿಗ್ಗಾಂವಿಯಲ್ಲೂ ಇರಬಹುದು, ಸವಣೂರಿನಲ್ಲೂ ಇರಬಹುದು, ಹಿರೇಕೆರೂರಿನಲ್ಲೂ ಇರಬಹುದು. ನಾವು ಪ್ರತಿ ಭಾನುವಾರ ಬಲಿಪೂಜೆಗೆ ಹೋಗಿ ಬರುವ ಮನೆಯೂ ಇದೇ ಆಗಿರಬಹುದು. ಆ ತಾಯಿಯ ಮಾತಿನಲ್ಲಿ ಸೋಮಾರಿತನವಿಲ್ಲ. ಅದರಲ್ಲಿರುವುದು ನಾಚಿಕೆ. ನಾವು ಬಡವರು, ಓದಿದವರಲ್ಲ, ನಮ್ಮಿಂದ ಮಕ್ಕಳಿಗೆ ಕಲಿಸುವುದು ಏನಿದೆ, ಫೀ ಕಟ್ಟಿದ್ದೇವೆ, ಸಮವಸ್ತ್ರ ಹೊಲಿಸಿದ್ದೇವೆ, ಇನ್ನು ಮುಂದಿನದು ಮಾಸ್ತರರ ಪಾಲಿನದು ಎಂಬ ಭಾವನೆ. ಈ ಭಾವನೆ ನಿಜವೇ ಎಂಬುದನ್ನು ಇಂದು ನಾವು ಪ್ರಭುವಿನ ಸನ್ನಿಧಿಯಲ್ಲಿ ಕುಳಿತು ಯೋಚಿಸೋಣ.

ಶಾಲೆ ಮತ್ತು ಮನೆಯ ಸಂಬಂಧವೇನೆಂದು 2020ರಲ್ಲಿ ನಮಗೆಲ್ಲ ಒಂದು ಕಠಿಣ ಪಾಠವಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಹೆಚ್ಚುಕಡಿಮೆ ಹತ್ತೊಂಬತ್ತು ತಿಂಗಳು. 2020ರ ಜುಲೈನಲ್ಲಿ ದೊಡ್ಡ ತರಗತಿಯವರಿಗೆ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರು ಊರೊಳಗೆ ಬಂದು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಉಳಿದದ್ದು ಮನೆಯೊಂದೇ.

ಆಗ ಏನಾಯಿತು? ಮನೆಯಲ್ಲಿ ಒಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ. ಅನೇಕ ಮಕ್ಕಳು ಕಲಿತ ಅಕ್ಷರವನ್ನೂ ಮರೆತರು. ಕೆಲವರು ಹೊಲಕ್ಕೆ, ಕೆಲವರು ಅಂಗಡಿಗೆ ದುಡಿಯಲು ಹೋದರು. ಆದ್ದರಿಂದ ಶಾಲೆ ಬೇಡ, ಮನೆಯೇ ಸಾಕು ಎಂದು ಯಾರೂ ಹೇಳದಿರಲಿ. ಬಡವರ ಮಕ್ಕಳಿಗೆ ಶಾಲೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಆ ದಿನಗಳೇ ತೋರಿಸಿಕೊಟ್ಟವು. ಆದರೆ ಅದೇ ದಿನಗಳು ಇನ್ನೊಂದು ಮಾತನ್ನೂ ಹೇಳಿದವು. ಮಗುವಿನ ಪಕ್ಕದಲ್ಲಿ ಯಾರಾದರೂ ಕುಳಿತ ಮನೆಯಲ್ಲಿ ದೀಪ ಪೂರ್ತಿ ಆರಲಿಲ್ಲ. ಕುಳಿತವರು ಓದಿದವರೇ ಆಗಿರಬೇಕಾಗಿರಲಿಲ್ಲ. ಅಜ್ಜಿಯೋ ಅಕ್ಕನೋ ಸಾಕಾಗುತ್ತಿತ್ತು.

ಈಗ ನಜರೇತಿಗೆ ಹೋಗೋಣ. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ. ಶಿಶು ಯೇಸುವನ್ನು ದೇವಾಲಯಕ್ಕೆ ತಂದಾಗ ಮರಿಯ ಮತ್ತು ಜೋಸೆಫರು ಜೋಡಿ ಹಕ್ಕಿಗಳ ಕಾಣಿಕೆಯ ನಿಯಮವನ್ನು ಪಾಲಿಸಿದರು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅದು ಕುರಿಮರಿಯನ್ನು ಕೊಡಲಾಗದ ಬಡವರ ಕಾಣಿಕೆ. ಲೋಕರಕ್ಷಕರು ಬೆಳೆದದ್ದು ಲೆಕ್ಕ ಹಾಕಿ ಖರ್ಚು ಮಾಡುವ ಮನೆಯಲ್ಲಿ! ಅದೇ ಅಧ್ಯಾಯದ ಕೊನೆಯಲ್ಲಿ, ಬಾಲಯೇಸು ತಂದೆತಾಯಿಗಳಿಗೆ ವಿಧೇಯರಾಗಿದ್ದು ಜ್ಞಾನದಲ್ಲೂ ಬೆಳೆದರೆಂದು ಲೂಕರು ಬರೆದಿದ್ದಾರೆ.

ಯೇಸುಸ್ವಾಮಿ ಮುಂದೆ ಜನರಿಗೆ ಬೋಧಿಸುವಾಗ ಯಾವ ಉದಾಹರಣೆಗಳನ್ನು ಕೊಟ್ಟರು ಎಂಬುದನ್ನು ಗಮನಿಸಿದ್ದೀರಾ? ಹಿಟ್ಟನ್ನು ಹುದುಗಿಸುವ ಹೆಂಗಸು. ಹಳೆಯ ಬಟ್ಟೆಗೆ ಹಾಕುವ ತೇಪೆ. ಕಳೆದುಹೋದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವ ಗೃಹಿಣಿ. ಪೇಟೆಯಲ್ಲಿ ಗುಬ್ಬಿಗಳ ಬೆಲೆ ಎಷ್ಟು ಎಂಬುದೂ ಅವರಿಗೆ ಗೊತ್ತಿತ್ತು. ಮತ್ತಾಯರ ಪ್ರಕಾರ ಒಂದು ಕಾಸಿಗೆ ಎರಡು, ಲೂಕರ ಪ್ರಕಾರ ಎರಡು ಕಾಸಿಗೆ ಐದು. ಎರಡು ಕಾಸು ಒಟ್ಟಿಗೆ ಕೊಟ್ಟರೆ ಒಂದು ಗುಬ್ಬಿ ಹೆಚ್ಚು ಸಿಗುತ್ತದೆ! ಇದು ಅರಮನೆಯಲ್ಲಿ ಬೆಳೆದವರಿಗೆ ತಿಳಿಯುವ ಲೆಕ್ಕವಲ್ಲ. ತಾಯಿಯ ಕೈ ಹಿಡಿದು ಸಂತೆಗೆ ಹೋದ ಮಗುವಿಗೆ ತಿಳಿಯುವ ಲೆಕ್ಕ. ಮಾತೆ ಮರಿಯ ಮತ್ತು ಸಂತ ಜೋಸೆಫರು ಪಾಠವೆಂದು ಹೆಸರಿಡದೆ ಕಲಿಸಿದ್ದನ್ನು ಪ್ರಭು ಯೇಸು ದೇವರ ರಾಜ್ಯದ ಪಾಠವನ್ನಾಗಿ ಮಾಡಿದರು ಎಂದು ನಾವು ಧ್ಯಾನಿಸಬಹುದು.

ಧರ್ಮಸಭೆಯ ಬೋಧನೆಯೂ ಇದೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿತು. 1981ರಲ್ಲಿ ಸಂತ ದ್ವಿತೀಯ ಜಾನ್ ಪೌಲರು ಕುಟುಂಬದ ಕುರಿತು ಬರೆದ ಪ್ರೇರಣಾ ಪತ್ರದಲ್ಲಿ, ಈ ಕರ್ತವ್ಯವನ್ನು ಪೂರ್ತಿಯಾಗಿ ಇತರರ ಕೈಗೆ ಒಪ್ಪಿಸಲು ಬರುವುದಿಲ್ಲ ಎಂದರು. ಗಮನಿಸಿ, 'ಓದಿದ ತಂದೆತಾಯಿಗಳು' ಎಂದು ಅಲ್ಲಿ ಹೇಳಿಲ್ಲ. ಎಲ್ಲ ತಂದೆತಾಯಿಗಳಿಗೂ ಹೇಳಿದ ಮಾತು ಅದು.

ನಮ್ಮ ಸೀಮೆಯ ಹೆಸರನ್ನೇ ಹೊತ್ತ ಒಬ್ಬ ಮಗಳನ್ನು ನೆನೆಯೋಣ. ಗಂಗೂಬಾಯಿ ಹಾನಗಲ್ಲ ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ಶಾಲೆಯ ಓದು ಐದನೆಯ ಇಯತ್ತೆಗೇ ಮುಗಿಯಿತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿ ಸಂಗೀತದ ಕಡೆಗಿತ್ತು. ತನ್ನ ಹಾಡಿಕೆ ಮಗಳ ಕಲಿಕೆಗೆ ಅಡ್ಡ ಬರಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಮಗಳ ಕಲಿಕೆಗಾಗಿ ಮನೆ ಧಾರವಾಡದಿಂದ ಹುಬ್ಬಳ್ಳಿಗೆ ಬಂತು. ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಮಗಳು ಸವಾಯಿ ಗಂಧರ್ವರ ಶಿಷ್ಯೆಯಾಗಿ ಬೆಳೆದು ದೇಶವೇ ತಲೆಬಾಗುವ ಗಾಯಕಿಯಾದದ್ದನ್ನು, 2002ರಲ್ಲಿ ಪದ್ಮವಿಭೂಷಣ ಪಡೆದದ್ದನ್ನು ಆ ತಾಯಿ ನೋಡಲಿಲ್ಲ. ಮಗುವಿಗಾಗಿ ತನ್ನದೊಂದನ್ನು ಬಿಟ್ಟುಕೊಡುವುದು ಸಹ ಕಲಿಸುವ ಒಂದು ರೀತಿ. ಕಟ್ಟೆಯ ಮೇಲೆ ಕುಳಿತ ತಂದೆಯರೇ, ನಮ್ಮನ್ನು ಕೇಳುತ್ತಿರುವುದು ಅಷ್ಟು ದೊಡ್ಡ ತ್ಯಾಗವನ್ನಲ್ಲ. ಅರ್ಧ ಗಂಟೆ ಮೊಬೈಲನ್ನು ಬದಿಗಿಡಿ ಎಂದಷ್ಟೇ.

ಹಾಗಾದರೆ ದುಡ್ಡಿಲ್ಲದ ಮನೆಯಲ್ಲಿ ಕಲಿಸುವುದು ಹೇಗೆ? ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರ ಮಾತನ್ನು ಮಕ್ಕಳಿಗೆ ಕಲಿಸಲು ನಾಲ್ಕು ಸಮಯಗಳನ್ನು ಹೇಳಿದೆ: ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾಲ್ಕಕ್ಕೂ ಫೀ ಇಲ್ಲ.

ಮನೆಯಲ್ಲಿ ಕುಳಿತಾಗ: ನಿಮಗೆ ಓದು ಬಾರದಿದ್ದರೆ ಚಿಂತೆಯಿಲ್ಲ, ಕೇಳಲು ಬರುತ್ತದಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸುತ್ತದೆ ಎಂಬುದು ಓದು ಬಾರದವರ ಕಿವಿಗೂ ತಿಳಿಯುತ್ತದೆ. "ಇನ್ನೊಮ್ಮೆ ಓದು" ಎನ್ನಿ. ಆಮೇಲೆ "ಏನ ಕಥಿ ಅದು, ನನಗ ಹೇಳು" ಎನ್ನಿ. ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವ ಮಗು ಅದನ್ನು ಮರೆಯುವುದಿಲ್ಲ. ಸ್ವಸಹಾಯ ಸಂಘದ ಪಾಸ್‌ಬುಕ್ಕು, ಗೊಬ್ಬರದ ಚೀಲದ ಮೇಲಿನ ಬರಹ, ಔಷಧಿಯ ಪೊಟ್ಟಣದ ಮೇಲಿನ ತಾರೀಖು, ಎಲ್ಲವನ್ನೂ ಮಗುವಿನಿಂದಲೇ ಓದಿಸಿ. ತನ್ನ ಓದು ಮನೆಗೆ ಬೇಕಾಗಿದೆ ಎಂದು ಅದಕ್ಕೆ ತಿಳಿಯಲಿ. ಎಣಿಸಲು ಕಲಿಸುವುದಕ್ಕೆ ಹುಣಸೆ ಬೀಜ ಸಾಕು.

ದಾರಿ ನಡೆಯುವಾಗ: ಸಂತೆಗೆ ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ. ಕಿಲೋಗೆ 40 ರೂಪಾಯಿಯಂತೆ ಕಾಲು ಕಿಲೋ ಬದನೆಕಾಯಿಗೆ ಎಷ್ಟು? ನೂರರ ನೋಟು ಕೊಟ್ಟರೆ ತಿರುಗಿ ಎಷ್ಟು ಬರಬೇಕು? ಲೆಕ್ಕ ಅದೇ ಹಾಕಲಿ. ಹೊಲದ ದಾರಿಯಲ್ಲಿ ಅಜ್ಜನಿಗೆ ಗೊತ್ತಿರುವ ಮಳೆ ನಕ್ಷತ್ರಗಳನ್ನು ಕೇಳಿಸಿ. ರೋಹಿಣಿ, ಮೃಗಶಿರ, ಆರಿದ್ರ ಎಂದು ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ, ಕೂಡಿದರೆ ಒಂದು ವರ್ಷ. ಇದು ಗಣಿತವೂ ಹೌದು, ವಿಜ್ಞಾನವೂ ಹೌದು. ಹಿರೇಕೆರೂರು ಸೀಮೆಯವನೆಂದು ಹೇಳಲಾಗುವ ಸರ್ವಜ್ಞನ ತ್ರಿಪದಿಗಳು ಪುಸ್ತಕವಿಲ್ಲದ ಮನೆಗಳಲ್ಲಿ ಶತಮಾನಗಳ ಕಾಲ ಉಳಿದದ್ದು ಹಿರಿಯರ ಬಾಯಿಯಿಂದಲೇ ಅಲ್ಲವೇ?

ಮಲಗುವಾಗ ಜಪಸರ, ಒಂದು ಶುಭಸಂದೇಶದ ಕಥೆ, ಆ ದಿನ ಶಾಲೆಯಲ್ಲಿ ಏನಾಯಿತೆಂಬ ಎರಡು ಮಾತು. ಏಳುವಾಗ ಶಿಲುಬೆಯ ಗುರುತು ಮತ್ತು "ಇವತ್ತು ಏನು ಕಲಿತು ಬರತೀ?" ಎಂಬ ಒಂದು ಪ್ರಶ್ನೆ.

ಪುಸ್ತಕಕ್ಕೆ ದುಡ್ಡಿಲ್ಲವೆಂದು ಕೊರಗಬೇಡಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮ ಪಂಚಾಯತಿಯ ಗ್ರಂಥಾಲಯದಲ್ಲಿ ಹೋಗಿ ಕೇಳಿ, ಮಗುವಿನ ಹೆಸರು ಬರೆಸಿ. ಇನ್ನೂ ಒಂದು ಲೆಕ್ಕ ಹಾಕೋಣ. ಗುಟ್ಕಾಕ್ಕೋ ಹೊಗೆಸೊಪ್ಪಿಗೋ ದಿನಕ್ಕೆ 20 ರೂಪಾಯಿ ಹೋದರೆ ವರ್ಷಕ್ಕೆ 7,300 ರೂಪಾಯಿ. ಬಡತನ ನಮ್ಮ ತಪ್ಪಲ್ಲ. ಆದರೆ ಆ 7,300 ರೂಪಾಯಿಯ ಲೆಕ್ಕವನ್ನು ನಾವೇ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಗರಗಳಲ್ಲಿ ಕೆಲವು ಕುಟುಂಬಗಳು ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸಿ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆ ಬರೆಸುತ್ತವೆ. ಓದು, ಬಿಡುವು ಎರಡೂ ಇರುವವರ ಮಾತು ಅದು. ನಮ್ಮ ಕಡೆ 'ಮನೆಯಲ್ಲಿದ್ದಾನೆ' ಎಂದರೆ ಬಹಳ ಸಲ 'ಹೊಲದಲ್ಲಿದ್ದಾನೆ' ಎಂದೇ ಅರ್ಥ. ಹತ್ತಿ ಬಿಡಿಸುವ ಕಾಲಕ್ಕೆ, ಗೋವಿನಜೋಳ ಮುರಿಯುವ ಕಾಲಕ್ಕೆ ಎರಡು ವಾರ ಶಾಲೆ ಬಿಡಿಸಿದ ಮಗು ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಮಗು ನಾಚುತ್ತದೆ. ನಾಚಿದ ಮಗು ಒಂದು ದಿನ ಶಾಲೆಗೆ ಹೋಗುವುದನ್ನೇ ಬಿಡುತ್ತದೆ. ಹುಡುಗಿಯಾಗಿದ್ದರೆ ಮದುವೆಯ ಮಾತು ಶುರುವಾಗುತ್ತದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕೆಂದು 2010ರ ಏಪ್ರಿಲ್ 1ರಿಂದ ಕಾನೂನು ಜಾರಿಯಲ್ಲಿದೆ. ಆ ಅವಕಾಶವನ್ನು ಒದಗಿಸುವುದು ತಂದೆತಾಯಿಗಳ ಕರ್ತವ್ಯವೆಂದು ನಮ್ಮ ಸಂವಿಧಾನವೂ ಹೇಳುತ್ತದೆ. ಮನೆಯ ಪಾಠ ಶಾಲೆಗೆ ಬದಲಿಯಲ್ಲ. ಮಗು ಶಾಲೆಯಲ್ಲಿ ಗಟ್ಟಿಯಾಗಿ ನಿಲ್ಲುವುದಕ್ಕೆ ಅದೇ ಬುನಾದಿ.

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ವಿಶ್ವಾಸವನ್ನು ಹೊಗಳುವಾಗ ಇಬ್ಬರು ಹೆಂಗಸರನ್ನು ನೆನೆಯುತ್ತಾರೆ: ಅಜ್ಜಿ ಲೋವಿ, ತಾಯಿ ಯೂನಿಕೆ. ಅವರು ಏನು ಕಲಿತಿದ್ದರು, ಎಷ್ಟು ಕಲಿತಿದ್ದರು ಎಂದು ಪೌಲರು ಬರೆಯಲಿಲ್ಲ. ಅವರಲ್ಲಿದ್ದ ವಿಶ್ವಾಸ ಮೊಮ್ಮಗನಲ್ಲಿ ನೆಲೆಸಿತು ಎಂದಷ್ಟೇ ಬರೆದರು. ನಮ್ಮ ಮಕ್ಕಳೂ ಒಂದು ದಿನ ನಮ್ಮ ಹೆಸರನ್ನು ಹಾಗೆ ನೆನೆಯಬೇಕಲ್ಲವೇ?

ಪ್ರಿಯ ತಾಯಂದಿರೇ, ತಂದೆಯರೇ, ಇವತ್ತು ಸಂಜೆಯೂ ಮಗು ಪುಸ್ತಕ ಹಿಡಿದು ಬರುತ್ತದೆ. ಒಲೆ ಉರಿಯುತ್ತಿರಲಿ, ರೊಟ್ಟಿ ಬಡಿಯುತ್ತಲೇ ಇರಿ. "ನನಗೇನ ತಿಳಿತೈತಿ" ಎನ್ನಬೇಡಿ. "ಇಲ್ಲೇ ಕುಂದರು ಯವ್ವಾ, ಓದು, ನಾ ಕೇಳತೀನಿ" ಎನ್ನಿ.

ನಜರೇತಿನ ಬಡಮನೆಯಲ್ಲಿ ಬೆಳೆದ ಪ್ರಭುವೇ, ನಮ್ಮ ಮನೆಯಲ್ಲೂ ಬಂದು ಕುಳಿತುಕೊಳ್ಳಿ. ನಮ್ಮ ಮಕ್ಕಳು ಓದುವಾಗ ಕೇಳುವ ತಾಳ್ಮೆಯನ್ನು ನಮಗೆ ಕೊಡಿ. ಆಮೆನ್.