ಪಂಥವೊಂದನ್ನು ಯಾವುದರಿಂದ ಅಳೆಯಬೇಕು?

ದೀನದಾರ್ ಅಂಜುಮನ್ ಕಲಬುರಗಿ ಸೀಮೆಯಲ್ಲಿ ಬೇರುಳ್ಳ ಪಂಥ. ಅದರ ಸ್ಥಾಪಕ ಸಯ್ಯದ್ ಸಿದ್ದೀಕ್ ಹುಸೇನ್ 1886ರಲ್ಲಿ ಗುರುಮಠಕಲ್ ಬಳಿಯ ಬಾಲಂಪೇಟದಲ್ಲಿ ಹುಟ್ಟಿದರು. ಆ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1924ರಲ್ಲಿ ಅವರು ತಾವೇ ಚನ್ನಬಸವೇಶ್ವರರೆಂದು ಸಾರಿದರು. ಮುಂದೆ ಸಿದ್ದೀಕ್ ದೀನದಾರ್ ಚನ್ನಬಸವೇಶ್ವರ ಎಂದೇ ಹೆಸರಾದರು. ಚನ್ನಬಸವಣ್ಣ ಮತ್ತೆ ಬರುತ್ತಾನೆಂದು ಹೇಳುವ ಕಾಲಜ್ಞಾನದ ಮಾತುಗಳು ಲಿಂಗಾಯತರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದ್ದವು. ಅಲ್ಲಿ ಹೇಳಿದ ಕುರುಹುಗಳು ತಮ್ಮಲ್ಲಿವೆ ಎಂಬುದು ಅವರ ವಾದ. ಎಲ್ಲ ಧರ್ಮಗಳ ತಿರುಳು ಒಂದೇ, ಎಲ್ಲ ಗುರುಗಳೂ ಒಂದೇ ಸತ್ಯವನ್ನು ಹೇಳಿದರು ಎಂದು ಅವರು ಬೋಧಿಸಿದರು. ಆದರೆ ಆ ಒಂದೇ ಸತ್ಯ ಕೊನೆಗೆ ಇಸ್ಲಾಮಿನಲ್ಲಿ ಪೂರ್ಣಗೊಳ್ಳುತ್ತದೆ ಎಂಬುದೂ ಅದೇ ಬೋಧನೆಯ ಭಾಗ. ಹೈದರಾಬಾದಿನ ಆಸಿಫ್ ನಗರ ಪಂಥದ ಕೇಂದ್ರವಾಯಿತು. ಸ್ಥಾಪಕರು 1952ರಲ್ಲಿ ತೀರಿಕೊಂಡರು. ಅನುಯಾಯಿಗಳು ಅಲ್ಲಿ ಪ್ರತಿವರ್ಷ ಉರುಸು ನಡೆಸುತ್ತ ಬಂದರು.

ಇಂಥ ಬೋಧನೆ ಈ ಸೀಮೆಯಲ್ಲಿ ವಿಚಿತ್ರವಾಗಿ ಕೇಳಿಸುವಂಥದಲ್ಲ. ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಒಂದೇ ಮನೆಯವರು ಹೋಗಿಬರುವುದು ಹೊಸದೇನಲ್ಲ. ಕುರಕುಂಟಾದಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರೆಗೆ ಚಾಚಿದ ಸುಣ್ಣಕಲ್ಲಿನ ನಾಡಿನಲ್ಲಿ ಸಿಮೆಂಟ್ ಕಾರ್ಖಾನೆಗಳೂ ಕಲ್ಲಿನ ಗಣಿಗಳೂ ರೈಲೂ ಬಂದ ಮೇಲೆ ದೂರದೂರದ ಜನ ಬಂದು ನೆಲೆಸಿದರು. ಅವರ ಜೊತೆ ಅವರ ದೇವರುಗಳೂ ಬಂದವು. ಜಂಕ್ಷನ್ ಊರಾದ ವಾಡಿಯ ಚರ್ಚು ಅಂಥ ವಲಸೆಯ ಗುರುತು.

2000ದ ಜೂನ್ 8ರಂದು ವಾಡಿಯ ಆ ಚರ್ಚಿನಲ್ಲಿ ಬಾಂಬು ಸಿಡಿಯಿತು. ಅದೇ ದಿನ ಆಂಧ್ರದ ಒಂಗೋಲು, ತಾಡೇಪಲ್ಲಿಗೂಡೆಂ ಮತ್ತು ಗೋವೆಯ ವಾಸ್ಕೊ ಚರ್ಚುಗಳಲ್ಲೂ ಸ್ಫೋಟಗಳಾದವು. ಜುಲೈ 8ರಂದು ಹುಬ್ಬಳ್ಳಿಯ ಚರ್ಚು, ಮರುದಿನ ಬೆಂಗಳೂರಿನ ಜಗಜೀವನರಾಂ ನಗರದ ಚರ್ಚು ಗುರಿಯಾದವು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ತಾನೇ ಸಿಡಿದು ಒಳಗಿದ್ದ ಇಬ್ಬರು ಸತ್ತಾಗ ಪೊಲೀಸರಿಗೆ ಸುಳಿವು ಸಿಕ್ಕಿತು. ಬಾಂಬಿಟ್ಟವರು ದೀನದಾರ್ ಅಂಜುಮನ್‌ನ ಅನುಯಾಯಿಗಳು, ಸಂಚಿನ ಎಳೆ ಪಾಕಿಸ್ತಾನದ ಮರ್ದಾನಿನಲ್ಲಿ ನೆಲೆಸಿದ್ದ ಸ್ಥಾಪಕರ ಮಗನವರೆಗೆ ಹೋಗುತ್ತದೆ, ಹಿಂದೂಗಳೇ ಇದನ್ನು ಮಾಡಿದರೆಂದು ಕ್ರೈಸ್ತರು ನಂಬುವಂತೆ ಮಾಡುವುದು ಉದ್ದೇಶವಾಗಿತ್ತು ಎಂದು ತನಿಖೆ ಹೇಳಿತು. 2001ರಲ್ಲಿ ಕೇಂದ್ರ ಸರ್ಕಾರ ಸಂಘಟನೆಯನ್ನು ನಿಷೇಧಿಸಿತು. 2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಮೇಲ್ಮನವಿಗಳು ಉಚ್ಚ ನ್ಯಾಯಾಲಯಕ್ಕೆ ಹೋದವು.

ಸರ್ವಧರ್ಮ ಸಮನ್ವಯ ಹೇಳುವ ಪಂಥದವರು ಒಂದು ಧರ್ಮದ ಮಂದಿರಕ್ಕೆ ಬಾಂಬಿಟ್ಟು ಇನ್ನೊಂದು ಧರ್ಮದವರ ಮೇಲೆ ಹೊರಿಸಲು ಹೊರಟರು. ಈ ವೈರುಧ್ಯ ಎದುರಾದಾಗ ಚರ್ಚೆ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಬೋಧನೆ ಬರೀ ಮುಖವಾಡ, ಒಳಗಿದ್ದದ್ದು ಮೊದಲಿನಿಂದಲೂ ಅಪಾಯವೇ ಎನ್ನುತ್ತಾರೆ ಕೆಲವರು. ಪಂಥ ಒಳ್ಳೆಯದೇ, ದಾರಿ ತಪ್ಪಿದ ಕೆಲವರಿಂದ ಹೆಸರು ಕೆಟ್ಟಿತು ಎನ್ನುತ್ತಾರೆ ಉಳಿದವರು. ಎರಡೂ ಮಾತುಗಳ ಹಿಂದೆ ಒಂದೇ ಊಹೆಯಿದೆ: ನಿಜವಾದ ಧರ್ಮವಾಗಿದ್ದರೆ ಹಾನಿ ಮಾಡಲಾರದು, ಹಾನಿ ಮಾಡಿದರೆ ಅದು ಧರ್ಮವೇ ಅಲ್ಲ. ಈ ಊಹೆ ತಪ್ಪು. ಧರ್ಮವೋ ಅಲ್ಲವೋ ಎಂಬುದು ಒಂದು ಪ್ರಶ್ನೆ, ಹಾನಿಕರವೋ ಅಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಒಂದರ ಉತ್ತರದಿಂದ ಇನ್ನೊಂದರ ಉತ್ತರ ಹುಟ್ಟುವುದಿಲ್ಲ.

ಇದನ್ನು ಜಗತ್ತಿನಲ್ಲಿ ಅತಿ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಸೈಂಟಾಲಜಿಯ ಇತಿಹಾಸ. ಅಮೆರಿಕದ ಕಥೆಗಾರ ಎಲ್. ರಾನ್ ಹಬಾರ್ಡ್ 1950ರಲ್ಲಿ 'ಡಯನೆಟಿಕ್ಸ್' ಎಂಬ ಪುಸ್ತಕ ಪ್ರಕಟಿಸಿದ. ಹಿಂದಿನ ನೋವಿನ ಅಚ್ಚುಗಳು ಮನಸ್ಸಿನಲ್ಲಿ ಉಳಿದು ಮನುಷ್ಯನನ್ನು ಕಾಡುತ್ತವೆ, ಅವನ್ನು ಅಳಿಸಬಹುದು ಎಂಬುದು ಅದರ ಸಾರ. ಕೆಲವೇ ವರ್ಷಗಳಲ್ಲಿ ಅದು ಚರ್ಚ್ ಆಯಿತು. ಆತ್ಮಕ್ಕೆ ಥೇಟನ್ ಎಂಬ ಹೆಸರು ಬಂತು. ಜನ್ಮಜನ್ಮಾಂತರದ ಮಾತೂ ಸೇರಿತು. ಸಾಧಕ ಇ-ಮೀಟರ್ ಎಂಬ ವಿದ್ಯುತ್ ಯಂತ್ರದ ಎರಡು ಕೊಳವೆಗಳನ್ನು ಕೈಯಲ್ಲಿ ಹಿಡಿದು ಕೂರುತ್ತಾನೆ. ಎದುರಿಗಿದ್ದವರು ಪ್ರಶ್ನೆ ಕೇಳುತ್ತ ಮುಳ್ಳಿನ ಅಲುಗಾಟ ನೋಡುತ್ತಾರೆ. ಹಂತ ಹಂತವಾಗಿ ಮೇಲೇರಬೇಕು. ಹಂತ ಏರಿದಷ್ಟೂ ಹಣ ಹೆಚ್ಚು, ಮೇಲಿನ ಹಂತಗಳ ಬೋಧನೆ ಕೆಳಗಿನವರಿಗೆ ಗುಟ್ಟು.

ಈ ಸಂಸ್ಥೆಯ ಬಗ್ಗೆ ದೇಶದೇಶಗಳ ನ್ಯಾಯಾಲಯಗಳು ಕೊಟ್ಟ ತೀರ್ಪುಗಳು ಮೇಲುನೋಟಕ್ಕೆ ಒಂದಕ್ಕೊಂದು ಎದುರು. 1983ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು ಇದು ಧರ್ಮವೇ ಎಂದಿತು. ಬೋಧಿಸುವವನಿಗೆ ಪ್ರಾಮಾಣಿಕತೆ ಇಲ್ಲದಿದ್ದರೂ ಅನುಯಾಯಿಗಳ ನಂಬಿಕೆ ಧಾರ್ಮಿಕ ನಂಬಿಕೆಯಾಗಿಯೇ ಉಳಿಯುತ್ತದೆ, ಕಪಟಿಗಳಿಗೂ ರಕ್ಷಣೆ ಸಿಗುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಸಮಾಜ ತೆರಲೇಬೇಕಾದ ಬೆಲೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. 1993ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಧಾರ್ಮಿಕ ಸಂಸ್ಥೆಯೆಂದು ವಿನಾಯಿತಿ ನೀಡಿತು. 2013ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಸೈಂಟಾಲಜಿಯ ಚಾಪೆಲ್ ಪೂಜಾಸ್ಥಳವೇ ಎಂದು ಒಪ್ಪಿ ಅಲ್ಲಿ ಮದುವೆಗೆ ದಾರಿ ಮಾಡಿತು. ಅದೇ 2013ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಸಂಘಟಿತ ವಂಚನೆಗಾಗಿ ಅದಕ್ಕಾದ ಶಿಕ್ಷೆಯನ್ನು ಎತ್ತಿಹಿಡಿಯಿತು. ಜರ್ಮನಿಯಲ್ಲಿ 1997ರಿಂದ ಸಂವಿಧಾನ ರಕ್ಷಣೆಯ ಇಲಾಖೆ ಅದರ ಮೇಲೆ ಕಣ್ಣಿಟ್ಟಿತು. ಅಮೆರಿಕದಲ್ಲೇ, ಸರ್ಕಾರಿ ಕಚೇರಿಗಳಿಗೆ ನುಗ್ಗಿ ಕಡತ ಕದ್ದ ಸಂಚಿನಲ್ಲಿ ಹಬಾರ್ಡನ ಹೆಂಡತಿಯೂ ಸೇರಿ ಸಂಸ್ಥೆಯ ಹಿರಿಯರು 1979ರಲ್ಲಿ ಅಪರಾಧಿಗಳೆನಿಸಿದ್ದರು.

ಯಾರು ಸರಿ? ಎಲ್ಲರೂ. ಥೇಟನ್‌ನಲ್ಲಿ ನಂಬಿಕೆ ಧಾರ್ಮಿಕವೇ ಎಂದು ಆಸ್ಟ್ರೇಲಿಯ ಕೇಳಿತು. ಹಣ ಪಡೆಯಲು ಬಳಸಿದ ಉಪಾಯ ವಂಚನೆಯೇ ಎಂದು ಫ್ರಾನ್ಸ್ ಕೇಳಿತು. ಪ್ರಶ್ನೆಗಳೇ ಬೇರೆಯಾದ್ದರಿಂದ ಎರಡೂ ಉತ್ತರಗಳು ಒಟ್ಟಿಗೆ ನಿಲ್ಲುತ್ತವೆ. ಸೈಂಟಾಲಜಿ ಧರ್ಮವಾಗಿರುತ್ತಲೇ ವಂಚನೆ ಮಾಡಿರಬಹುದು.

ಭಾರತದ ಕಾನೂನು ಈ ಹಾದಿಯನ್ನು ಮೊದಲೇ ತುಳಿದಿತ್ತು, ಅದೂ ಕನ್ನಡದ ನೆಲದ ಒಂದು ಮೊಕದ್ದಮೆಯಿಂದ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು ಆಗಿನ ಮದ್ರಾಸ್ ಸರ್ಕಾರದ ಧಾರ್ಮಿಕ ದತ್ತಿ ಕಾಯ್ದೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಇಂದಿಗೂ ಆಧಾರ. ಧರ್ಮಕ್ಕೆ ದೇವರು ಇರಲೇಬೇಕೆಂದಿಲ್ಲ, ಬೌದ್ಧ ಜೈನ ಮತಗಳೇ ಸಾಕ್ಷಿ. ಧರ್ಮವೆಂದರೆ ಬರೀ ನಂಬಿಕೆಯಲ್ಲ, ಆಚರಣೆಯೂ ಸೇರಿದೆ. ಯಾವುದು ಅತ್ಯಗತ್ಯ ಆಚರಣೆ ಎಂಬುದನ್ನು ಆ ಧರ್ಮದ ಸಿದ್ಧಾಂತದ ಒಳಗಿನಿಂದಲೇ ನೋಡಬೇಕು ಎಂದಿತು ಆ ತೀರ್ಪು. ಮಠದ ಆಸ್ತಿಯ ಆಡಳಿತಕ್ಕೆ ಮಾತ್ರ ಕಾನೂನಿನ ಕೈ ತಲುಪಬಹುದೆಂದು ಗೆರೆ ಎಳೆಯಿತು. ಸಂವಿಧಾನದ 25ನೆಯ ವಿಧಿ ನಂಬಲೂ ಆಚರಿಸಲೂ ಪ್ರಚಾರ ಮಾಡಲೂ ಹಕ್ಕು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಎಂಬ ಮೂರು ಎಲ್ಲೆಗಳನ್ನು ಹಾಕಿದೆ. ಅವು ನಂಬಿಕೆ ನಿಜವೋ ಸುಳ್ಳೋ ಎಂದು ಕೇಳುವುದಿಲ್ಲ. ಅದರ ಹೆಸರಿನಲ್ಲಿ ನಡೆಯುವುದೇನೆಂದು ಕೇಳುತ್ತವೆ.

ಈ ವಿವೇಕಕ್ಕೆ ಚಿತ್ತಾಪುರ ತಾಲ್ಲೂಕಿನಲ್ಲೇ ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹವೊಂದಿದೆ. ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲಿ, 1986ರಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿರುವುದು ಹನ್ನೆರಡನೆಯ ಶಿಲಾಶಾಸನವೂ ಸೇರಿದ ಪಾಠ. ಪಂಥಗಳ ನಡುವಿನ ಮಾತಿನ ಸಂಯಮವೇ ಅದರ ವಿಷಯ: ತನ್ನ ಪಂಥವನ್ನು ಹೊಗಳಿ ಇತರರದನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಎಲ್ಲ ಪಂಥಗಳಲ್ಲೂ ಸಾರ ಬೆಳೆಯಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು. ಗಮನಿಸಬೇಕಾದ್ದು, ಶಾಸನ ಟೀಕೆಯನ್ನೇ ತಡೆಯುವುದಿಲ್ಲ. ಸಂದರ್ಭವಿಲ್ಲದೆ ಬೇಡ, ಸಂದರ್ಭವಿದ್ದಾಗಲೂ ಹಿತಮಿತವಾಗಿರಲಿ ಎನ್ನುತ್ತದೆ. ಟೀಕೆಗೆ ಸಂದರ್ಭ ಯಾವುದು ಎಂಬುದೇ ಆಗ ಉಳಿಯುವ ಪ್ರಶ್ನೆ.

ಮೊದಲು ನೋಡಬೇಕಾದ್ದು ಹೊರಬರುವ ಬಾಗಿಲು. ಒಳಗೆ ಕರೆಯುವುದನ್ನು ಎಲ್ಲ ಪಂಥಗಳೂ ನಗುಮುಖದಿಂದ ಮಾಡುತ್ತವೆ. ಬಿಟ್ಟು ಹೋಗುತ್ತೇನೆಂದವನ ಜೊತೆ ಹೇಗೆ ನಡೆದುಕೊಳ್ಳುತ್ತವೆ ಎಂಬುದರಲ್ಲಿ ಅವುಗಳ ಗುಣ ತಿಳಿಯುತ್ತದೆ. ಸೈಂಟಾಲಜಿ ಕೆಲವರನ್ನು ಪಂಥದ ವಿರೋಧಿಗಳೆಂದು ಸಾರಿ, ಒಳಗಿರುವ ಬಂಧುಗಳು ಅವರೊಂದಿಗೆ ಸಂಬಂಧ ಕಡಿದುಕೊಳ್ಳುವಂತೆ ಮಾಡುತ್ತದೆ ಎಂಬುದು ಬಿಟ್ಟುಬಂದವರ ದೊಡ್ಡ ದೂರು. ತಾಯಿ ಮಗಳ ಮುಖ ನೋಡದ ವರ್ಷಗಳನ್ನು ಯಾವ ಸಿದ್ಧಾಂತವೂ ಸಮರ್ಥಿಸಲಾರದು. ಹಣದ ವಿಷಯದಲ್ಲೂ ಇದೇ ರೀತಿ. ದಾಸೋಹಕ್ಕೆ ಕೊಟ್ಟ ಚೀಲ ಜೋಳ ಎಲ್ಲಿಗೆ ಹೋಯಿತೆಂದು ಜಾತ್ರೆಗೆ ಬಂದವರೆಲ್ಲ ಕಾಣುತ್ತಾರೆ. ಮುಂದಿನ ಹಂತದ ಗುಟ್ಟಿಗೆ ಕಟ್ಟಿದ ಶುಲ್ಕ ಕಟ್ಟಿದವನ ಕಣ್ಣಿಗೂ ಬೀಳುವುದಿಲ್ಲ. ದೀನದಾರ್ ಪ್ರಕರಣದಲ್ಲಿ ಹಾನಿ ಹುಟ್ಟಿದ್ದು ಕಾಲಜ್ಞಾನದ ನಂಬಿಕೆಯಿಂದಲ್ಲ. ಉರುಸಿಗೆ ಬಂದವರಲ್ಲಿ ಕೆಲವರು ಉಳಿದವರಿಗೆ ಗೊತ್ತಾಗದಂತೆ ಸಂಚು ಹೂಡಬಲ್ಲಂಥ ಒಳಕೂಟ, ದೂರದಲ್ಲಿ ಕುಳಿತ ನಾಯಕನ ಅಪ್ಪಣೆಯನ್ನು ಪ್ರಶ್ನಿಸದ ವಿಧೇಯತೆ, ಇವು ಆ ಅಪರಾಧವನ್ನು ಸಾಧ್ಯ ಮಾಡಿದವು. ಪ್ರಶ್ನೆ ಕೇಳುವುದೇ ಗುರುದ್ರೋಹ ಎಂದು ಕಲಿಸುವ ಯಾವ ಸಂಸ್ಥೆಯಲ್ಲೂ, ಅದು ಎಷ್ಟೇ ಹಳೆಯದಿರಲಿ, ಇದೇ ಅಪಾಯವಿದೆ.

ಹಾನಿ ಗುರುವಿನ ಸುತ್ತಲೂ ಹುಟ್ಟಬಹುದು, ಅದಕ್ಕೆ ಗುರುವೇ ಗುರಿಯೂ ಆಗಬಹುದು. ಸೇಡಂ ತಾಲ್ಲೂಕಿನ ಯಾನಾಗುಂದಿಯ ಮಾಣಿಕ್ಯಗಿರಿಯಲ್ಲಿ ನೆಲೆಸಿದ್ದ ಮಾತಾ ಮಾಣಿಕೇಶ್ವರಿ ಅನ್ನ ನೀರಿಲ್ಲದೆ ಬದುಕಿದ್ದರೆಂದು ಭಕ್ತರು ನಂಬಿದ್ದರು. ಅವರು ಅಹಿಂಸೆ ಹೇಳಿದರು, ಪ್ರಾಣಿಬಲಿ ಬೇಡವೆಂದರು. ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರಗಳಿಂದ ಜನ ಬರುತ್ತಿದ್ದರು. ಅನ್ನ ಬಿಟ್ಟ ಮಾತನ್ನು ಶರೀರಶಾಸ್ತ್ರ ಒಪ್ಪುವುದಿಲ್ಲ, ಆದರೆ ಆ ನಂಬಿಕೆಯಿಂದ ಕುರಿಗಳ ಜೀವ ಉಳಿದಿದ್ದರೆ ಅದನ್ನು ಹಾನಿ ಎನ್ನಲಾಗದು. ಕೊನೆಗಾಲದಲ್ಲಿ ಎದ್ದ ಪ್ರಶ್ನೆ ಬೇರೆ: ವಯಸ್ಸಾದ ಆ ತಾಯಿಯ ಆರೋಗ್ಯ ಹೇಗಿದೆ, ಅವರ ಪರವಾಗಿ ಮಾತಾಡುವವರು ಯಾರು? ಅದು ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಅವರು 2020ರ ಮಾರ್ಚ್ 7ರಂದು ಲಿಂಗೈಕ್ಯರಾದರು. ಪವಾಡವನ್ನು ನಂಬುವ ಹಕ್ಕು ಭಕ್ತರದು. ಪವಾಡಪುರುಷರಿಗೂ ಪವಾಡಸ್ತ್ರೀಯರಿಗೂ ವೈದ್ಯರನ್ನು ಕಾಣುವ ಹಕ್ಕು ಇದೆ. ಆ ಹಕ್ಕಿನ ಬಗ್ಗೆ ಕೇಳುವುದು ಭಕ್ತಿಯ ಅವಹೇಳನವಲ್ಲ.

ಈ ಅಳತೆಗೆ ಒಂದು ಗಟ್ಟಿ ಆಕ್ಷೇಪವಿದೆ. ಪ್ರಾಯಕ್ಕೆ ಬಂದವರು ತಾವಾಗಿ ಆರಿಸಿಕೊಂಡ ಕಷ್ಟವನ್ನು ಹಾನಿ ಎನ್ನುವುದು ಹೇಗೆ? ಜೈನ ಯತಿ ಕೂದಲು ಕೀಳಿಸಿಕೊಳ್ಳುತ್ತಾನೆ, ಮನೆ ತೊರೆಯುತ್ತಾನೆ. ಹೊರಗಿನವರಿಗೆ ಅದು ಕ್ರೂರವಾಗಿ ಕಾಣಬಹುದು. ಮಳಖೇಡದಂಥ ಊರಿನಲ್ಲಿ, ರಾಷ್ಟ್ರಕೂಟರ ಕಾಲದಿಂದ ಜೈನ ವೈರಾಗ್ಯವನ್ನು ಕಂಡ ನೆಲದಲ್ಲಿ, ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೂ ಉತ್ತರವಿದೆ. ಯತಿಗೆ ಮುಂದೇನಿದೆ ಎಂಬುದು ದೀಕ್ಷೆಗೆ ಮುನ್ನವೇ ಪೂರ್ತಿ ತಿಳಿದಿರುತ್ತದೆ. ವ್ರತದ ಯಾವ ಭಾಗವೂ ಗುಟ್ಟಲ್ಲ. ಕೊನೆಯ ಹಂತದಲ್ಲಿ ಏನನ್ನು ನಂಬಬೇಕಾಗುತ್ತದೆ ಎಂಬುದನ್ನು ಮೊದಲ ಹಂತದಲ್ಲಿ ಮುಚ್ಚಿಟ್ಟರೆ ಅಲ್ಲಿ ಆಯ್ಕೆಯೇ ಅಪೂರ್ಣ. ಇನ್ನು ಮಕ್ಕಳು ಯಾವುದನ್ನೂ ಆರಿಸಿಕೊಂಡಿರುವುದಿಲ್ಲ; ಅವರ ವಿಷಯದಲ್ಲಿ ಈ ಆಕ್ಷೇಪ ನಿಲ್ಲುವುದೇ ಇಲ್ಲ.

ಹೊಸ ಪಂಥಗಳಿಗೆ ಮಾತ್ರ ಈ ಅಳತೆ ಹಿಡಿದು ಹಳೆಯ ಮಠಮಂದಿರಗಳನ್ನು ಬಿಟ್ಟುಬಿಡುವುದೂ ಅನ್ಯಾಯ. ಈ ವಿಷಯದಲ್ಲಿ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಮೆಚ್ಚತಕ್ಕದ್ದು. 2020ರಿಂದ ಜಾರಿಯಲ್ಲಿರುವ ಅದು ಯಾವ ಮತವನ್ನೂ ಹೆಸರಿಸುವುದಿಲ್ಲ, ಕೃತ್ಯಗಳನ್ನು ಹೆಸರಿಸುತ್ತದೆ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ ನಿಷಿದ್ಧ. ಹರಿಕಥೆ, ಕೀರ್ತನೆ, ಪ್ರವಚನಗಳಿಗೆ ತಡೆಯಿಲ್ಲ. ಸಂಘಟನೆಯನ್ನೇ ನಿಷೇಧಿಸುವ ಕಾನೂನು ಹೀಗೆ ಬಿಡಿಸಿ ನೋಡುವುದಿಲ್ಲ. ದೀನದಾರ್ ಅಂಜುಮನ್ ನಿಷೇಧವಾದಾಗ ಬಾಂಬಿಟ್ಟವರ ಜೊತೆಗೆ, ಬಾಲಂಪೇಟದ ಗುರುವನ್ನು ನಂಬಿ ಉರುಸಿಗೆ ಮಾತ್ರ ಹೋಗಿಬಂದವರೂ ಒಂದೇ ಹೆಸರಿನಡಿ ಬಂದರು. ವಾಡಿಯ ಕ್ರೈಸ್ತರಿಗೆ ಆದ ಅನ್ಯಾಯ ದೊಡ್ಡದು. ಸಂಚನ್ನು ಬೇರುಸಹಿತ ಕೀಳುವುದು ಸರ್ಕಾರದ ಕರ್ತವ್ಯವೇ ಆಗಿತ್ತು. ಸಂಘಟನೆಯ ಹಣ, ಸಭೆ, ಸಂಪರ್ಕಗಳು ಸಂಚಿಗೆ ಬಳಕೆಯಾದುದಕ್ಕೆ ಸಾಕ್ಷ್ಯ ಇರುವಷ್ಟರ ಮಟ್ಟಿಗೆ ನಿಷೇಧವೂ ನ್ಯಾಯ. ಅದರಾಚೆಗೆ, ಚನ್ನಬಸವೇಶ್ವರ ಮತ್ತೆ ಬಂದನೆಂದು ನಂಬುವುದೂ ಎಲ್ಲ ಗುರುಗಳು ಒಂದೇ ಎನ್ನುವುದೂ ಅಪರಾಧವಲ್ಲ. ಆ ನಂಬಿಕೆಯುಳ್ಳವನನ್ನು ಅವನು ಮಾಡಿದ ಕೆಲಸಕ್ಕೆ ಮಾತ್ರ ಹೊಣೆ ಮಾಡಬೇಕು.