ಉಣ್ಣೆಯ ಉಡುಪು ಮತ್ತು ಅಹಿಂಸಾಣುವ್ರತ

ಕುರಿಯ ಉಣ್ಣೆಯಿಂದ ಸ್ತ್ರೀಯರ ಉಡುಪುಗಳನ್ನು ರೂಪಿಸಿ ಮಾರುವುದು ಶ್ರಾವಿಕೆಗೆ ಸಲ್ಲುವ ಉದ್ಯೋಗವೇ? ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಕಡೆಯಾಗಲಿ ಹಾಲುಮತದವರ ಕರಿಯ ಕಂಬಳಿಯನ್ನು ಕಾಣದವರಿಲ್ಲ. ವಸ್ತ್ರವಿನ್ಯಾಸ ಕಲಿತ ನಮ್ಮ ಹೆಣ್ಣುಮಕ್ಕಳಿಗೆ ಅದೇ ಉಣ್ಣೆಯಿಂದ ಶಾಲು, ಮೇಲಂಗಿಗಳನ್ನು ಮಾಡುವ ಹಂಬಲ ಹುಟ್ಟಿದರೆ ಆಶ್ಚರ್ಯವಿಲ್ಲ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಣಿಗೆ ಕುರಿಗಳ ಸಹಜವರ್ಣಗಳಿಂದಲೇ ಲೋಕಪ್ರಸಿದ್ಧವಾಗಿರುವಾಗ, ಬಣ್ಣದ ಹಂಗಿಲ್ಲದ ನಮ್ಮ ದಖನಿ ಕುರಿಯ ಕಪ್ಪಿಗೆ ಆ ಗೌರವ ಏಕೆ ಸಲ್ಲಬಾರದು?

ರೇಷ್ಮೆಯ ವಿಷಯದಲ್ಲಿ ನಿರ್ಣಯ ಸುಲಭ. ಗೂಡಿನೊಳಗಿನ ಜೀವವನ್ನು ಸಾಮಾನ್ಯವಾಗಿ ಬೇಯಿಸಿಯೇ ನೂಲು ತೆಗೆಯುತ್ತಾರೆ. (ಆದರೂ ನಮ್ಮ ಮದುವೆಗಳಲ್ಲಿ ರೇಷ್ಮೆಯ ವೈಭವ ನಿಂತಿಲ್ಲ.) ಉಣ್ಣೆಯನ್ನಾದರೋ ವರ್ಷಕ್ಕೆ ಎರಡು ಬಾರಿ ಕತ್ತರಿಸಿದರೂ ಕುರಿ ಬದುಕಿಯೇ ಇರುತ್ತದೆ. ಶ್ವೇತಾಂಬರ ಸಾಧುಗಳ ರಜೋಹರಣವೂ ಉಣ್ಣೆಯದೇ. ಆದರೆ ದಿಗಂಬರ ಮುನಿಗಳ ಪಿಂಛಿಗೆ ಒದಗುವುದು ನವಿಲು ತಾನಾಗಿ ಉದುರಿಸಿದ ಗರಿ. ಕುರಿ ತನ್ನ ಉಣ್ಣೆಯನ್ನು ಹಾಗೆ ಬಿಟ್ಟುಕೊಡುವುದಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕೊಲ್ಲದಿದ್ದರೂ ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನ ತಡೆಯುವುದು ದೋಷಗಳೇ. ಕಾಲು ಕಟ್ಟಿ ಅವಸರದಿಂದ ಕತ್ತರಿಯಾಡಿಸಿದರೆ ಚರ್ಮ ಸೀಳುತ್ತದೆ. ಅಂಗಡಿಯ ನಯವಾದ ಮೆರಿನೋ ಸ್ವೆಟರಿನ ಹಿಂದೆ ಇನ್ನೂ ಘೋರವಾದದ್ದು ಇರಬಹುದು: ಆಸ್ಟ್ರೇಲಿಯಾದಲ್ಲಿ ಹುಳು ಬೀಳದಿರಲೆಂದು ಎಷ್ಟೋ ಮರಿಗಳ ಬಾಲದ ಸುತ್ತಲಿನ ಚರ್ಮವನ್ನೇ ಕೊಯ್ಯುತ್ತಾರೆ. ನ್ಯೂಜಿಲೆಂಡ್ 2018ರಲ್ಲಿ ಇದನ್ನು ನಿಷೇಧಿಸಿತು. ಮೈಗೆ ಚುಚ್ಚುವ ನಮ್ಮ ಕಂಬಳಿಯ ಉಣ್ಣೆಯನ್ನಾದರೆ ಕತ್ತರಿಸುವಾಗ ಕಣ್ಣಾರೆ ಕಾಣಬಹುದು.

ಕಠಿನ ಪ್ರಶ್ನೆ ಇದರಾಚೆ ಇದೆ. ಆ ಕುರಿ ಕಡೆಗೆ ಕಟುಕನ ಕೈಸೇರುತ್ತದೆ. ಕೃತ, ಕಾರಿತ, ಅನುಮೋದನೆಗಳಲ್ಲಿ ಉಣ್ಣೆ ಕೊಂಡವಳ ಪಾಲು ಯಾವುದು? ಒರಟು ಉಣ್ಣೆಗೆ ಬೆಲೆಯಿಲ್ಲವಾದ ಮೇಲೆ ಕುರಿಗಾರನ ಜೀವನ ಮಾಂಸದ ಮಾರಾಟಕ್ಕೇ ಜೋತುಬಿದ್ದಿದೆ. ಉಣ್ಣೆ ಕಡಿಮೆಯಿರುವ, ಬೇಗ ಬೆಳೆಯುವ ಮಾಡಗ್ಯಾಳ ತಳಿಯತ್ತ ಅನೇಕರು ಹೊರಳಿದ್ದಾರೆ. ಆದುದರಿಂದ ಉಣ್ಣೆಯನ್ನು ತ್ಯಜಿಸಿದೊಡನೆ ಒಂದು ಕುರಿಯೂ ಉಳಿಯದು. ಉಣ್ಣೆಗೆ ತಕ್ಕ ಬೆಲೆ ಬಂದರೆ ಬದುಕಿರುವ ಕುರಿಗೆ ಒಂದಿಷ್ಟು ಮೌಲ್ಯ ಬಂದೀತು, ಅಷ್ಟೆ. ಕೊಂಡವಳು ವಧೆಯನ್ನು ಮಾಡಿಸಿದವಳಲ್ಲವೆಂದು ನನ್ನ ಅಭಿಪ್ರಾಯ. ಆದರೆ ಅದನ್ನು ‘ಅಹಿಂಸಾ ವಸ್ತ್ರ’ವೆಂದು ಹೆಸರಿಟ್ಟು ಮಾರಿದರೆ ಸತ್ಯಾಣುವ್ರತಕ್ಕೆ ಭಂಗ.

ಕೊಂದ ಕುರಿಯ ಚರ್ಮದಿಂದ ಕಿತ್ತ ಉಣ್ಣೆಯೂ ಪೇಟೆಯಲ್ಲಿ ಬೆರೆಯುವುದುಂಟು. ಅದು ಸರ್ವಥಾ ವರ್ಜ್ಯ. ಆದ್ದರಿಂದ ನೂಲನ್ನು ದಲ್ಲಾಳಿಯಿಂದ ಕೊಳ್ಳದೆ ಕುರಿಗಾರನ ಹಟ್ಟಿಗೇ ಹೋಗಿ ಕೊಳ್ಳಬೇಕು. ನಿಧಾನವಾಗಿ ಕತ್ತರಿಸುವವನಿಗೆ ಹೆಚ್ಚಿನ ಕೂಲಿ ಕೊಡಬೇಕು. ಸನ್ಮಾನಕ್ಕೆ ಶಾಲು ಹೊದಿಸುವ ಬಸದಿ ಟ್ರಸ್ಟುಗಳೂ ಇದನ್ನು ವಿಚಾರಿಸಿಯೇ ಕೊಳ್ಳಲಿ. ಅಭಿಷೇಕ, ಪೂಜೆಗಳಿಗೆ ಮಾತ್ರ ಹತ್ತಿಯ ಮಡಿಯೇ ಸಾಕು.